ನಮ್ಮೂರ ಮೊಹರು ಬಿದ್ದ ನಾಲ್ಕು ಚೀಟಿ

ಆಗುವುದಿಲ್ಲ ಎಂದವರು ಮೂವರು. ಮೊದಲನೆಯವರು ನಾರಾಯಣಪೇಟೆಯ ವಕೀಲ ಗೋಪಾಲರಾಯರು. ನಮ್ಮ ಕಡೆ ಅಂಚೆಚೀಟಿ ಸಂಗ್ರಹ ಎಂದರೆ ಅವರದೇ ಹೆಸರು. ಬೀರಣ್ಣ ಕಾಕಾ ಕೊಟ್ಟ ಆಲ್ಬಮ್ಮನ್ನು ಎರಡು ಬೆರಳಲ್ಲಿ ಮಗುಚಿ ನೋಡಿ, "ಇದು ಸಂಗ್ರಹ ಅಲ್ಲಪಾ, ಕುರಿದೊಡ್ಡಿ. ಗದ್ವಾಲದ ಪ್ರದರ್ಶನದಾಗ ಇದು ನಿಲ್ಲೂದು ಕನಸಿನ ಮಾತು" ಎಂದರು. ಎರಡನೆಯವರು ಮಖ್ತಲ್‌ನಲ್ಲಿದ್ದ ಅಂಚೆ ಇಲಾಖೆಯ ಒಬ್ಬ ಹಳೆಯ ಗುಮಾಸ್ತರು. "ಬೀರಪ್ಪಾ, ರಿಟೈರ್ ಆಗಾಕ ಐದು ತಿಂಗಳು ಉಳದಾವ. ಸುಮ್ಮ ಕೂತು ದಿನಾ ದೂಡು. ಪ್ರದರ್ಶನ ಅಂದ್ರ ದೊಡ್ಡೋರ ಆಟ" ಎಂದು ಅವರು ಬುದ್ಧಿ ಹೇಳಿದರು. ಮೂರನೆಯವಳು ನಾನು. ನಾನು ಬಾಯಿಬಿಟ್ಟು ಹೇಳಲಿಲ್ಲ, "ನೋಡೋಣು ಕಾಕಾ" ಎಂದೆ ಅಷ್ಟೆ. ಆದರೆ ಮನಸ್ಸಿನಲ್ಲಿ ನಾನೂ ವಕೀಲರ ಕಡೆಗೇ ಇದ್ದೆ. ಇದನ್ನು ಮೊದಲೇ ಒಪ್ಪಿಕೊಂಡು ಮುಂದಿನದನ್ನು ಬರೆಯುವುದು ಮೇಲು.

ಬೀರಣ್ಣ ಕಾಕಾ, ದಾಖಲೆಯಲ್ಲಿ ಬೀರಪ್ಪ, ನಮ್ಮೂರಿನ ಪೋಸ್ಟ್‌ಮಾಸ್ತರು. ಮಖ್ತಲ್‌ನಿಂದ ನಾರಾಯಣಪೇಟೆಗೆ ಹೋಗುವ ರಸ್ತೆಯಲ್ಲಿ ಇಳಿದು ಎರಡು ಮೈಲಿ ಒಳಗೆ ನಡೆದರೆ ನಮ್ಮೂರು. ಅಲ್ಲಿ ಅಂಚೆ ಕಚೇರಿ ಎಂದರೆ ಕಾಕಾನ ಮನೆಯ ಮುಂದಿನ ಪಡಸಾಲೆ: ಒಂದು ಕಿಟಕಿ, ಒಂದು ಮೇಜು, ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಮೊಹರು. ಆಳು ಎತ್ತರ, ಮೈ ಸಣಕಲು. ಖಾಕಿ ಅಂಗಿಯ ಮೇಲೆ ಬೇಸಿಗೆಯಲ್ಲೂ ಕರಿ ಕಂಬಳಿ. ಕುರುಬರ ಮನೆಯವರು, ತಮ್ಮ ಮಾಳಪ್ಪ ಇನ್ನೂ ಕುರಿ ಕಾಯುತ್ತಿದ್ದ. ಮನೆಯಲ್ಲಿ ಮೊದಲು ಅಕ್ಷರ ಕಲಿತವರು ಕಾಕಾ. ಅಕ್ಷರ ಕಲಿತರೂ ಕುರಿ ಕಾಯುವ ಕಣ್ಣು ಹೋಗಿರಲಿಲ್ಲ. ಮಖ್ತಲ್‌ನಿಂದ ಚೀಲ ಬಂದರೆ ಕಾಗದಗಳನ್ನು ಒಂದು, ಎರಡು ಎಂದು ಎಣಿಸುತ್ತಿರಲಿಲ್ಲ. ಸಂಜೆ ಹಟ್ಟಿಗೆ ಬರುವ ಕುರಿಗಳನ್ನು ಎಣಿಸುವ ಹಾಗೆ ಜೋಡಿ ಜೋಡಿಯಾಗಿ ಬೆರಳ ಸಂದಿಯಿಂದ ಬಿಡುತ್ತಿದ್ದರು. ಒಂಟಿ ಉಳಿದರೆ ಅದನ್ನು ಮೂಗಿನ ಹತ್ತಿರ ಹಿಡಿದು, "ನಿನ್ನ ಜೋಡಿ ಎಲ್ಲಿ ಬಿಟ್ಟು ಬಂದಿಯೋ?" ಎಂದು ಕೇಳುತ್ತಿದ್ದರು. ಕಿಟಕಿಯ ಮುಂದೆ ನಿಂತವರು ನಕ್ಕರೂ ಅವರು ನಗುತ್ತಿರಲಿಲ್ಲ.

ತೆಲಂಗಾಣ ಬಂತು, ರಾಜ್ಯದ ಹೆಸರು ಬದಲಾಯಿತು. ಆಮೇಲೆ ಜಿಲ್ಲೆಗಳು ಒಡೆದವು. ಗದ್ವಾಲ ಮೊದಲು ಜಿಲ್ಲೆಯಾಯಿತು, ನಾರಾಯಣಪೇಟೆ ಆಮೇಲೆ ಆಯಿತು. ಊರೆಲ್ಲ ಪಟಾಕಿ ಹೊಡೆದಾಗ ಕಾಕಾ ಕಿಟಕಿಯೊಳಗಿಂದ ಹೇಳಿದ್ದು ಇಷ್ಟು: "ನೋಡ್ರಿ, ನಾ ಕುಂತ ಕುರ್ಚಿ ಬಿಟ್ಟು ಅಲುಗಿಲ್ಲ. ನನ್ನ ವಿಳಾಸ ಮಾತ್ರ ಎರಡು ಸಲ ಬದಲಾತು."

ನಮ್ಮೂರಿನಲ್ಲಿ ಗಟ್ಟಿ ಕೈಕಾಲಿನವರು ಊರಲ್ಲಿರುವುದು ಕಡಿಮೆ. ಅಣೆಕಟ್ಟು, ಕಾಲುವೆ, ಸೇತುವೆ, ರೈಲುದಾರಿ, ಎಲ್ಲಿ ಕೆಲಸ ಇದೆಯೋ ಅಲ್ಲಿಗೆ ಮೇಸ್ತ್ರಿಯ ಜೊತೆ ಹೊರಡುತ್ತಾರೆ. ದಾಮರಗಿದ್ದದ ಕಡೆಯವರೂ ನಮ್ಮವರೂ ಒಂದೇ ಲಾರಿಯಲ್ಲಿ. ಆ ಲಾರಿ ಹೊರಡುವ ಹೊತ್ತಿಗೆ ಕಾಕಾ ರಸ್ತೆಗೆ ಬಂದು ನಿಲ್ಲುತ್ತಿದ್ದರು. ಕೈಯಲ್ಲಿ ಲಕೋಟೆಗಳ ಕಟ್ಟು. ಪ್ರತಿಯೊಂದರ ಮೇಲೂ ಆಯಾ ಮನೆಯ ವಿಳಾಸವನ್ನು ಮೊದಲೇ ಬರೆದಿರುತ್ತಿದ್ದರು. ಹತ್ತುವವರ ಕೈಯಲ್ಲಿ ಒಂದೊಂದು ಇಟ್ಟು, "ಹೋದಲ್ಲಿಂದ ಒಂದ ಕಾಗದ ಹಾಕ್ರಿ. ಫೋನು ಮಾತಾಡತೈತಿ, ಖರೆ, ಆದ್ರ ಉಳಿಯಂಗಿಲ್ಲ. ಕಾಗದ ಬಂದ್ರ ಸುದ್ದಿ ನಿಮ್ಮನಿದು, ಚೀಟಿ ನಂದು" ಎನ್ನುತ್ತಿದ್ದರು.

"ಏನು ಬರಿಬೇಕೋ ಕಾಕಾ, ನಮಗ ಅಕ್ಷರ ಬರಂಗಿಲ್ಲ" ಎಂದು ಲಾರಿಯ ಮೇಲಿನಿಂದ ಯಾರಾದರೂ ಕೂಗುತ್ತಿದ್ದರು.

"ಖಾಲಿ ಕಾಗದ ಹಾಕು. ನಿನ್ನ ಹೇಣತಿ ಅದನ್ನೂ ಓದತಾಳ."

ಹಾಗೆ ಬಂದ ಚೀಟಿಗಳನ್ನು ಹಿತ್ತಾಳೆಯ ಬಟ್ಟಲಿನ ನೀರಿನಲ್ಲಿ ನೆನೆಸಿ, ಲಕೋಟೆಯಿಂದ ಬಿಡಿಸಿ, ತಮ್ಮ ಕಂಬಳಿಯ ಮೇಲೆ ಬೋರಲು ಹಾಕಿ ಒಣಗಿಸುತ್ತಿದ್ದರು. ಉಣ್ಣೆ ನೀರು ಹೀರುತ್ತದೆ, ಚೀಟಿ ಸುಕ್ಕಾಗುವುದಿಲ್ಲ ಎಂಬುದು ಅವರ ಲೆಕ್ಕ. ಅವರ ಆಲ್ಬಮ್ಮಿನಲ್ಲಿ ದೇಶವಾರು, ಇಸವಿವಾರು ಎಂಬುದಿಲ್ಲ. ಒಂದು ಹಾಳೆ ಒಂದು ಮನೆ. ಗುಡಿಸಲ ಹಣಮವ್ವನ ಮನೆ, ಮಡಿವಾಳರ ಮನೆ, ಮೇಸ್ತ್ರಿ ಸಾಯಣ್ಣನ ಮನೆ. ಆ ಮನೆಯವರು ಎಲ್ಲೆಲ್ಲಿ ಕಲ್ಲು ಹೊತ್ತರೋ ಅಲ್ಲಲ್ಲಿಯ ಚೀಟಿ ಆ ಹಾಳೆಯಲ್ಲಿ. ವಕೀಲರು ಕುರಿದೊಡ್ಡಿ ಎಂದದ್ದು ಇದನ್ನೇ.

ಈ ಬರಹ ಕನ್ನಡದಲ್ಲಿರುವುದಕ್ಕೂ ಕಾಕಾನೇ ಕಾರಣ. ನಮ್ಮೂರಿನ ಶಾಲೆ ತೆಲುಗಿನದು. ಮನೆಯಲ್ಲಿ ಆಡುವ ಭಾಷೆಗೆ ಅಕ್ಷರ ಇದೆ ಎಂಬುದೇ ನನಗೆ ನಾಲ್ಕನೆಯ ತರಗತಿಯವರೆಗೆ ಗೊತ್ತಿರಲಿಲ್ಲ. ರಾಯಚೂರಿನ ಕಡೆಯಿಂದ ಕನ್ನಡದ ವಿಳಾಸ ಹೊತ್ತ ಕಾಗದಗಳು ಬರುತ್ತಿದ್ದವು. ಅವನ್ನು ಕಿಟಕಿಯ ಕಟ್ಟೆಯ ಮೇಲೆ ಹರಡಿ, ಕಾಕಾ ನನಗೆ ಒಂದೊಂದೇ ಅಕ್ಷರ ತೋರಿಸಿದರು. ನಾನು ಮೊದಲು ಓದಿದ ಕನ್ನಡ ಪದ ಯಾವ ಪಾಠದ್ದೂ ಅಲ್ಲ, "ಇವರಿಗೆ". ಎರಡನೆಯದು "ಇಂದ". ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಆ ಡಿಗ್ರಿಯ ಬುಡ ಎಲ್ಲಿದೆ ಎಂದು ಕೇಳಿದರೆ ಆ ಕಟ್ಟೆಯನ್ನು ತೋರಿಸುತ್ತೇನೆ.

ಅಕ್ಷರದ ಜೊತೆಗೆ ಒಂದು ಪೆಟ್ಟೂ ಅಲ್ಲೇ ಬಿತ್ತು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಅಪ್ಪನ ಕಾಗದ ಬಂತು. ಅಪ್ಪ ನರಸಪ್ಪ ಸರಳು ಕಟ್ಟುವ ಕೆಲಸದವನು, ಕಾಂಕ್ರೀಟು ಸುರಿಯುವ ಮೊದಲು ಕಂಬಗಳಿಗೆ ಕಬ್ಬಿಣದ ಪಂಜರ ಹೆಣೆಯುತ್ತಾನೆ. ಆಗ ಪುಣೆಯ ಹತ್ತಿರ ಒಂದು ಸೇತುವೆಯಲ್ಲಿದ್ದ. ಯಾರ ಕೈಯಲ್ಲೋ ಬರೆಸಿದ ಕಾಗದ. ಅವ್ವನಿಗೆ ಕಟ್ಟೆಯ ಮೇಲೇ ಓದಿ ಹೇಳಿದೆ. ಸರಳು ಬಿದ್ದು ಎಡಗೈ ಬೆರಳು ಜಜ್ಜಿದೆ ಎಂಬ ಸಾಲು ಬಂದಾಗ ಅದನ್ನು ಹಾರಿಸಿ ಮುಂದೆ ಹೋದೆ. ಅವ್ವನಿಗೆ ಆಗ ಜ್ವರ, ಅದಕ್ಕೆ.

ಕಿಟಕಿಯೊಳಗಿಂದ ಕಾಕಾನ ಧ್ವನಿ ಬಂತು. "ನಾಕನೇ ಸಾಲು ಎಲ್ಲಿ ಹೋತು, ಸುಜಾತಾ?"

ಅವರಿಗೆ ಹೇಗೆ ಗೊತ್ತಾಯಿತು ಎಂದರೆ, ಸಾಲಿಗೆ ಸಾಲು ಕಣ್ಣು ಇಳಿಯುವುದನ್ನು ಎಣಿಸುತ್ತಿದ್ದರಂತೆ.

"ಕಾಗದದಾಗ ಇದ್ದದ್ದು ಪೂರಾ ಓದು. ಛಂದ ಇದ್ದದ್ದಷ್ಟ ಆರಿಸಿ ಓದಾಕ ನೀ ಯಾರು? ಗಂಡ ಆಕಿದು, ಸುದ್ದಿನೂ ಆಕಿದು."

ಓದಿದೆ. ಅವ್ವ ಅಳಲಿಲ್ಲ. "ಯಾವ ಬೆರಳು?" ಎಂದು ಕೇಳಿದಳು. ಮರುದಿನ ಮೇಸ್ತ್ರಿಗೆ ಫೋನು ಹಚ್ಚಿಸಿ, "ನನ್ನ ಗಂಡನ್ನ ದವಾಖಾನಿಗೆ ಕರಕೊಂಡು ಹೋಗದಿದ್ರ ನಾನ ಅಲ್ಲಿಗೆ ಬರ್ತೀನಿ ನೋಡು" ಎಂದಳು. ಬೆರಳು ಉಳಿಯಿತು. ನಾನು ಆ ಸಾಲು ನುಂಗಿದ್ದರೆ ಉಳಿಯುತ್ತಿರಲಿಲ್ಲವೇನೋ.

ಆಮೇಲೆ ಅಪ್ಪ ಸೌದಿಗೆ ಹೋದ. ಅಲ್ಲಿ ಸಮುದ್ರದ ದಂಡೆಯ ಒಂದು ನಗರದಲ್ಲಿ ಹೊಸ ವಿಮಾನ ನಿಲ್ದಾಣ ಕಟ್ಟುತ್ತಿದ್ದರು. ನಗರದಿಂದ ನಿಲ್ದಾಣದ ಹೊಟ್ಟೆಯೊಳಗೇ ಬಂದು ನಿಲ್ಲುವ ವೇಗದ ರೈಲಿಗೆ ದಾರಿಯನ್ನೂ ಹಾಕುತ್ತಿದ್ದರು. ಮರಳಿನ ಮೇಲೆ ಸಾಲು ಕಂಬ, ಕಂಬದ ಮೇಲೆ ಹಳಿ. ಆ ಕಂಬಗಳ ಸರಳನ್ನು ಕಟ್ಟಿದವರಲ್ಲಿ ಅಪ್ಪನೂ ಒಬ್ಬ. ನಾನು ನಾರಾಯಣಪೇಟೆಯ ಕಾಲೇಜಿನಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ನಿಲ್ದಾಣ ತೆರೆಯಿತು. ಅದರ ಸಂಭ್ರಮಕ್ಕೆ ಅಲ್ಲಿ ಹೊಸ ಅಂಚೆಚೀಟಿ ಬಂದವು. ಅಪ್ಪ ಸಾಲಿನಲ್ಲಿ ನಿಂತು ಒಂದು ಸೆಟ್ಟು ಕೊಂಡು, ಎರಡು ರಟ್ಟಿನ ನಡುವೆ ಇಟ್ಟು, ಕಾಕಾ ಕೊಟ್ಟ ಅದೇ ಹಳೆಯ ಲಕೋಟೆಯಲ್ಲಿ ರಿಜಿಸ್ಟರು ಮಾಡಿ ಕಳಿಸಿದ.

ನಾಲ್ಕು ಚೀಟಿ. ಒಂದರಲ್ಲಿ ಕಾವಲುಗೋಪುರ. ಒಂದರಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿಯಂಥ ಬಿಳಿ ಛಾವಣಿ. ಒಂದರಲ್ಲಿ ಮೂಗು ಚೂಪಾದ ರೈಲು. ನಾಲ್ಕನೆಯದರಲ್ಲಿ ಬರೀ ಕಂಬಗಳು, ಮರಳಿನಿಂದ ಎದ್ದು ದೂರಕ್ಕೆ ಸಣ್ಣಗಾಗುತ್ತ ಹೋಗುವ ಕಂಬಗಳ ಸಾಲು. ಕಾಕಾ ಅದನ್ನು ಬಹಳ ಹೊತ್ತು ನೋಡಿದರು.

"ಬಾಕಿ ದೇಶದವರು ರಾಜಂದು ಮುಖಾ ಹಾಕ್ತಾರ. ಇವರು ನಿಮ್ಮಪ್ಪನ ಕೆಲಸ ಹಾಕ್ಯಾರ ನೋಡು" ಎಂದರು.

ಅಷ್ಟು ಹೇಳಿ, ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಮೊಹರನ್ನು ಮಸಿಯಲ್ಲಿ ಅದ್ದಿ, ಟಪ್ ಟಪ್ ಎಂದು ನಾಲ್ಕಕ್ಕೂ ಹೊಡೆದರು. ಮೂಲೆಯಲ್ಲಿ, ಚಿತ್ರ ಮುಚ್ಚದ ಹಾಗೆ, ದುಂಡಗೆ, ಸ್ಪಷ್ಟವಾಗಿ ನಮ್ಮೂರ ಹೆಸರು. ನಾನು ಎದುರಿಗೇ ಇದ್ದೆ. ಸಂತೋಷವೇ ಆಯಿತು. ಸೌದಿಯ ರೈಲಿನ ಮೇಲೆ ನಮ್ಮೂರ ಹೆಸರು!

ಗದ್ವಾಲದಲ್ಲಿ ಎರಡು ಜಿಲ್ಲೆಗಳಿಗೆ ಸೇರಿ ಅಂಚೆಚೀಟಿ ಪ್ರದರ್ಶನ ನಡೆಯುತ್ತದೆ ಎಂಬ ಸುದ್ದಿ ಕಾಲೇಜಿನ ಬೋರ್ಡಿನಲ್ಲಿ ಕಂಡವಳು ನಾನೇ. ಒಬ್ಬರಿಗೆ ಒಂದು ಚೌಕಟ್ಟು, ಹದಿನಾರು ಹಾಳೆ. ವಕೀಲರೂ ಗುಮಾಸ್ತರೂ ಆಗುವುದಿಲ್ಲ ಎಂದ ನಾಲ್ಕನೆಯ ದಿನ ಕಾಕಾ ಹದಿನಾರು ಮನೆಗಳ ಹಾಳೆ ಆರಿಸಿ ಇಟ್ಟರು. ಮೇಲೆ ಬರೆಯಲು ತಲೆಬರಹ ಕೇಳಿದೆ. "ನಮ್ಮ ಮಂದಿ ಕಟ್ಟಿದ್ದು, ಅಂತ ಬರಿ." ಅಣೆಕಟ್ಟಿನ ಚೀಟಿ, ಅದರ ಪಕ್ಕದಲ್ಲಿ ಅಲ್ಲಿ ಮಣ್ಣು ಹೊತ್ತ ಮನೆಗೆ ಬಂದ ಕಾಗದ. ಸೇತುವೆಯ ಚೀಟಿ, ಅದರ ಪಕ್ಕದಲ್ಲಿ ಆ ಮನೆಯ ಕಾಗದ. ಹದಿನಾರನೆಯದು ನಮ್ಮ ಮನೆ. ನೋಡುತ್ತ ನೋಡುತ್ತ ನನಗೂ ಸ್ವಲ್ಪ ನಂಬಿಕೆ ಬಂತು. ವಕೀಲರಿಗೆ ಇನ್ನೊಂದು ಸಲ ತೋರಿಸಿ ತಿದ್ದಿಸಿಕೊಳ್ಳೋಣ ಎಂದು ಇಬ್ಬರೂ ನಾರಾಯಣಪೇಟೆಗೆ ಹೋದೆವು.

ಗೋಪಾಲರಾಯರು ಈ ಸಲ ಹಾಳೆಗಳನ್ನು ಎರಡು ಬೆರಳಲ್ಲಿ ಹಿಡಿಯಲಿಲ್ಲ, ಎರಡೂ ಕೈಯಲ್ಲಿ ಹಿಡಿದರು. ಹದಿನೈದು ಹಾಳೆ ಭೂತಗನ್ನಡಿ ಹಿಡಿದು ನೋಡಿದರು. ಹದಿನಾರನೆಯದಕ್ಕೆ ಬಂದಾಗ ಭೂತಗನ್ನಡಿ ಕೆಳಗಿಟ್ಟು ಹಣೆ ಹಿಡಿದುಕೊಂಡರು.

"ಅಯ್ಯೋ ದೇವರೇ! ಈ ಮೊಹರು ಯಾರು ಹೊಡದ್ರು?"

"ನಾನ ರೀ."

"ಯಾಕ?"

ಕಾಕಾನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಹೊಸಾ ಮಾಲು ಬಂದಿತ್ರಿ. ನಮ್ಮ ಮನ್ಯಾಗ ಸಂತಿಯಿಂದ ಹೊಸಾ ಕುರಿ ತಂದ್ರ ಮೊದಲ ಕೆಮ್ಮಣ್ಣಿನ ಗುರುತು ಹಾಕ್ತೀವಿ, ಆಮ್ಯಾಲ ಹಿಂಡಿಗೆ ಬಿಡತೀವಿ. ಗುರುತಿಲ್ಲದ ಕುರಿ ದಾರಿಗೆ ಹೋದವರದು."

ವಕೀಲರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ತಿಳಿಸಿ ಹೇಳಿದರು. ಮುಟ್ಟದ ಹೊಸ ಚೀಟಿಯ ಮೇಲೆ ಬೇರೆ ದೇಶದ ಮೊಹರು ಬಿದ್ದರೆ ಸಂಗ್ರಹಕಾರರಿಗೆ ಅದು ಸತ್ತ ಚೀಟಿ. ಅದು ಹೋಗಲಿ ಎನ್ನಬಹುದು. ಮೊಹರು ಸರ್ಕಾರದ್ದು, ಟಪಾಲಿನ ಕೆಲಸಕ್ಕೆ ಮಾತ್ರ ಇರುವುದು. ಸ್ವಂತದ ಚೀಟಿಗೆ, ಅದೂ ಪರದೇಶದ ಚೀಟಿಗೆ, ಹೊಡೆಯುವುದು ಅಪರಾಧ.

"ಪ್ರದರ್ಶನ ನೋಡಾಕ ನಿಮ್ಮ ಸೂಪರಿಂಟೆಂಡೆಂಟ್ ಮೇಡಂ ಖುದ್ದ ಬರತಾರ, ಬೀರಪ್ಪ. ಈ ಹಾಳಿ ಕಂಡ್ರ ಮೆಮೋ ಖಾಯಂ. ನಿಂದು ಎಷ್ಟು ವರ್ಷ ಸರ್ವಿಸು?"

"ಮೂವತ್ತೆಂಟು."

"ಒಂದಾದ್ರೂ ಮೆಮೋ ಐತಿ?"

"ಇಲ್ಲರಿ."

"ಹಂಗಾದ್ರ ಹದಿನೈದು ಹಾಳಿ ಇಡು. ಇದನ್ನ ಮನ್ಯಾಗ ಇಡು."

ಮೂವತ್ತೆಂಟು ವರ್ಷದಲ್ಲಿ ಒಂದೂ ಮೆಮೋ ಇಲ್ಲ ಎಂಬುದು ಕಾಕಾನ ಏಕೈಕ ಜಂಬ. ಮಳೆಯಲ್ಲಿ, ಹಳ್ಳ ಬಂದಾಗ, ಹೆಂಡತಿ ತೀರಿಕೊಂಡ ವಾರದಲ್ಲಿ, ಚೀಲ ನಿಂತಿಲ್ಲ. ಊರಲ್ಲಿ ಯಾರಾದರೂ ಏನಾದರೂ ಅಂದರೆ, "ನನ್ನ ಫೈಲು ತೆಗದು ನೋಡ್ರಿ, ಹಾಲಿನಂಗೈತಿ" ಎನ್ನುತ್ತಿದ್ದರು. ಆ ಹಾಲಿನಲ್ಲಿ ಒಂದು ಹನಿ ಮಸಿ ಬೀಳುವುದು, ಅದೂ ನಮ್ಮ ಅಪ್ಪನ ಚೀಟಿಯಿಂದ, ಅದೂ ನಾನು ಓದಿ ಹೇಳಿದ ಬೋರ್ಡಿನಿಂದ. ಬಸ್ಸಿನಲ್ಲಿ ನಾನೇ ಮಾತು ತೆಗೆದೆ.

"ಕಾಕಾ, ನಮ್ಮ ಮನಿ ಹಾಳಿ ಬ್ಯಾಡ. ಅಪ್ಪಗ ಫೋನು ಮಾಡ್ತೀನಿ, ಇನ್ನೊಂದು ಸೆಟ್ಟು ಕಳಸ್ತಾನ."

"ಅವು ಬ್ಯಾರೆ ಆಗತಾವ."

"ಯಾರಿಗೆ ಗೊತ್ತಾಗತೈತಿ?"

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ನಮ್ಮೂರ ತಿರುವಿನಲ್ಲಿ ಇಳಿದ ಮೇಲೆ ಅಲ್ಲಿಯ ಅಂಗಡಿಯಲ್ಲಿ ಚಹ ಕುಡಿಯುತ್ತ ಹೇಳಿದರು. "ಹದಿನಾರು ಮನಿಗೂ ಹೇಳಿ ಬಂದೀನಿ, ನಿಮ್ಮ ಹಾಳಿ ಗದ್ವಾಲಕ್ಕ ಹೊಂಟೈತಿ ಅಂತ. ಹದಿನೈದು ಮನಿ ಹೋಗಿ ಒಂದು ಮನಿ ಉಳದ್ರ, ಆ ಮನಿಯವರು ಏನು ಕಟ್ಟಿಲ್ಲ ಅಂದಂಗಾತು. ನಿಮ್ಮಪ್ಪ ಕಟ್ಯಾನ. ಮೊಹರು ನಾ ಹೊಡದೀನಿ. ತಪ್ಪು ನಂದು, ಕೆಲಸ ಅವಂದು. ನನ್ನ ತಪ್ಪು ಮುಚ್ಚಾಕ ಅವನ ಕೆಲಸ ಮುಚ್ಚಬೇಕೇನು?"

"ಮೆಮೋ ಬಂದ್ರ?"

"ಬಂದ್ರ ಸಹಿ ಮಾಡಿ ತಗೋತೀನಿ. ಬಂದ ಟಪಾಲು ವಾಪಸ್ ಕಳಸಾಕ ಬರ್ತೈತೇನು?"

ಆ ವಾರ ನಾನು ಬರೆದದ್ದು ನನ್ನ ಡಿಗ್ರಿಯ ಇಂಗ್ಲಿಷಿಗೆ ಸಿಕ್ಕ ಮೊದಲ ನಿಜವಾದ ಕೆಲಸ. ಹದಿನಾರನೆಯ ಹಾಳೆಯ ಅಡಿಯಲ್ಲಿ ಕನ್ನಡ, ತೆಲುಗು, ಇಂಗ್ಲಿಷು ಮೂರರಲ್ಲೂ ಕಾಕಾ ಹೇಳಿದ್ದನ್ನು ಬರೆದೆ. "ಈ ಚೀಟಿಗಳು ಹೊಸದಾಗಿ ಬಂದಿದ್ದವು. ಇವಕ್ಕೆ ನಮ್ಮೂರ ಮೊಹರು ಹಾಕಿದವನು ನಾನು, ಪೋಸ್ಟ್‌ಮಾಸ್ತರು ಬೀರಪ್ಪ. ಸರ್ಕಾರದ ಮೊಹರನ್ನು ಹೀಗೆ ಬಳಸಬಾರದು. ಹೊಸ ಕುರಿಗೆ ಗುರುತು ಹಾಕುವ ಮನೆತನದ ರೂಢಿಯಲ್ಲಿ ಕೈ ಹೋಯಿತು. ಚೀಟಿಯಲ್ಲಿರುವ ಕಂಬಗಳ ಸರಳು ಕಟ್ಟಿದವನು ನಮ್ಮೂರ ನರಸಪ್ಪ." ಇಂಗ್ಲಿಷಿನಲ್ಲಿ ನಾನು "ತಿಳಿಯದೆ" ಎಂಬ ಪದ ಸೇರಿಸಿದ್ದೆ. ಕಾಕಾ ಓದಿಸಿ ಕೇಳಿ ಅದನ್ನು ಹೊಡೆಸಿ ಹಾಕಿದರು. "ಮೂವತ್ತೆಂಟು ವರ್ಷ ಕೆಲಸ ಮಾಡಿದವಗ ತಿಳಿಯಂಗಿಲ್ಲ ಅಂದ್ರ ಅದು ಇನ್ನೊಂದು ತಪ್ಪು."

ಗದ್ವಾಲಕ್ಕೆ ಮೂವರು ಹೋದೆವು. ಹಾಳೆಗಳನ್ನು ಕಂಬಳಿಯಲ್ಲಿ ಸುತ್ತಿ ಮಾಳಪ್ಪ ಹೊತ್ತಿದ್ದ. ಕುರಿಗಳನ್ನು ಪಕ್ಕದ ಹಟ್ಟಿಯವರಿಗೆ ಒಪ್ಪಿಸಿ ಬಂದಿದ್ದ, ಅದಕ್ಕೆ ದಾರಿಯುದ್ದಕ್ಕೂ ಗೊಣಗುತ್ತಿದ್ದ. "ಚೀಟಿ ನೋಡಾಕ ಜನ ಬರತಾರಂತ. ಕುರಿ ನೋಡಾಕ ಯಾರರ ಬರತಾರೇನು?" ಬಸ್ಸು ಜೂರಾಲ ಅಣೆಕಟ್ಟಿನ ಮೇಲೆ ಹಾಯುವಾಗ ಮಾತ್ರ ಸುಮ್ಮನಾದ. ಕೆಳಗೆ ಕೃಷ್ಣೆ. "ಇದರಾಗ ನಮ್ಮ ಮಾವ ಇದ್ದ" ಎಂದ. ಕಟ್ಟಿದವರಲ್ಲಿ ಎಂಬ ಅರ್ಥದಲ್ಲಿ.

ಪ್ರದರ್ಶನ ಒಂದು ಶಾಲೆಯ ಸಭಾಂಗಣದಲ್ಲಿ. ವಕೀಲರ ಚೌಕಟ್ಟು ಬಾಗಿಲ ಎದುರಿಗೆ, ನಮ್ಮದು ಮೂಲೆಯಲ್ಲಿ, ನೀರಿನ ಡ್ರಮ್ಮಿನ ಪಕ್ಕ. ಆ ಡ್ರಮ್ಮೇ ನಮಗೆ ಅನುಕೂಲವಾಯಿತು. ನೀರು ಕುಡಿಯಲು ಬಂದವರೆಲ್ಲ ನಮ್ಮ ಹಾಳೆ ನೋಡಿದರು. ಮಲ್ದಕಲ್‌ನಿಂದ ಬಂದ ಒಬ್ಬ ಮುದುಕಿ, ಮೊಮ್ಮಗಳ ಕೈ ಹಿಡಿದು ಬಂದವಳು, ಅಣೆಕಟ್ಟಿನ ಚೀಟಿಯ ಮುಂದೆ ನಿಂತು ಲೋಟ ಕೆಳಗಿಟ್ಟಳು. "ಓಲಮ್ಮೋ, ಈ ಕಟ್ಟ ಮೀದ ನೇನು ಮಟ್ಟಿ ಮೋಸಿನ" ಎಂದಳು, ಈ ಕಟ್ಟೆಗೆ ನಾನು ಮಣ್ಣು ಹೊತ್ತಿದ್ದೇನೆ ಎಂದು. ಕಾಕಾ ತಕ್ಷಣ ಜೇಬಿನಿಂದ ಪೆನ್ಸಿಲ್ ತೆಗೆದು ಅವಳ ಹೆಸರು ಕೇಳಿದರು. ಅದಾದ ಮೇಲೆ ಅಲ್ಲಿ ಗುಂಪು ಕರಗಲೇ ಇಲ್ಲ. ಯಾರೋ ಕಾಲುವೆ ತೋಡಿದವರು, ಯಾರೋ ಹಳಿ ಹೊತ್ತವರ ಮಕ್ಕಳು. ಹೈದರಾಬಾದಿನಿಂದ ಬಂದಿದ್ದ ವಯಸ್ಸಾದ ತೀರ್ಪುಗಾರರು ಗುಂಪಿನ ಹಿಂದೆ ನಿಂತು ತಮ್ಮ ಸರದಿಗೆ ಕಾಯಬೇಕಾಯಿತು.

ಮಧ್ಯಾಹ್ನದ ಹೊತ್ತಿಗೆ ಮೇಡಂ ಬಂದರು. ಹದಿನಾರನೆಯ ಹಾಳೆಯ ಮುಂದೆ ನಿಂತರು. ಮೂರು ಭಾಷೆಯಲ್ಲಿ ಬರೆದದ್ದನ್ನು ತೆಲುಗು, ಇಂಗ್ಲಿಷು ಎರಡರಲ್ಲಿ ಓದಿದರು.

"ಬೀರಪ್ಪ ಗಾರು, ಇದನ್ನ ಬರೆಯದೇ ಇದ್ದಿದ್ದರೆ ನಾನು ಮೊಹರನ್ನು ನೋಡ್ತಾನೇ ಇರಲಿಲ್ಲವೇನೋ" ಎಂದು ತೆಲುಗಿನಲ್ಲಿ ಹೇಳಿದರು.

"ನಾ ನೋಡ್ತಿದ್ನಿರಿ."

"ಈಗ ನಾನು ಮೆಮೋ ಬರೀಲೇಬೇಕು, ಗೊತ್ತಲ್ಲ?"

"ಬರೀರಿ ಮೇಡಂ. ಪೂರಾ ಬರೀರಿ. ಅರ್ಧಾ ಬರೀಬ್ಯಾಡ್ರಿ."

ಮೇಡಂ ಅವರನ್ನೇ ನೋಡಿದರು, ಆಮೇಲೆ ಕಂಬಗಳ ಚೀಟಿಯನ್ನು ನೋಡಿದರು. ಮುಂದಿನ ಚೌಕಟ್ಟಿಗೆ ಹೋದರು.

ಪ್ರದರ್ಶನ ಎರಡು ದಿನದ್ದು. ಕಾಕಾನಿಗೆ ಬದಲಿ ಆಳು ಸಿಕ್ಕಿದ್ದು ಒಂದೇ ದಿನಕ್ಕೆ. ಮರುದಿನದ ಚೀಲ ಬಿಡಿಸುವವರಿಲ್ಲ ಎಂದು ಸಂಜೆಯ ಬಸ್ಸಿಗೇ ಹೊರಟುಬಿಟ್ಟರು. "ಬಹುಮಾನ ಬಂದ್ರ ನೀವ ತಗೋಳ್ರಿ. ಬರದಿದ್ರ ಹಾಳಿ ಮಡಚದಂಗ ತಗೊಂಡು ಬರ್ರಿ" ಎಂದರು. ಬಹುಮಾನ ಬರಲಿಲ್ಲ. ಮೊದಲನೆಯದು ಗೋಪಾಲರಾಯರಿಗೆ, ಅದು ನ್ಯಾಯವೇ. ಎರಡನೆಯದು, ಮೂರನೆಯದು ಯಾರಿಗೋ. ನಾನು ಹಾಳೆ ಬಿಚ್ಚಲು ಏಳುವಷ್ಟರಲ್ಲಿ ತೀರ್ಪುಗಾರರು ಮೈಕು ಹಿಡಿದು ಇನ್ನೊಂದು ಹೆಸರು ಓದಿದರು. ಮೊಹರಿನಿಂದಾಗಿ ನಿಯಮದಂತೆ ಅಂಕ ಕಳೆದಿದ್ದೇವೆ, ಆದರೂ ಈ ಮೂಲೆಯಿಂದ ಜನ ಕದಲಲಿಲ್ಲ ಎಂಬುದನ್ನು ದಾಖಲೆಯಲ್ಲಿ ಇಡದೆ ಹೋಗಲಾರೆವು ಎಂದರು. ವಿಶೇಷ ಮನ್ನಣೆಯ ಪ್ರಮಾಣಪತ್ರ. ಗೋಪಾಲರಾಯರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು, ಇದನ್ನೂ ಬರೆಯಬೇಕು. ಕಂಬಳಿ ಹೊದ್ದ ಮಾಳಪ್ಪ ವೇದಿಕೆ ಹತ್ತಿದ. ಮೇಡಂ ಅವನ ಕೈಗೆ ಎರಡು ಲಕೋಟೆ ಕೊಟ್ಟರು, ಒಂದು ದೊಡ್ಡದು, ಒಂದು ಸಣ್ಣದು. "ಎರಡನ್ನೂ ಅವರ ಕೈಗೇ ಕೊಡಿ."

ಉಳಿದಿದ್ದ ತಿಂಗಳುಗಳು ಮುಗಿದು ಕಾಕಾ ಕೆಲಸದಿಂದ ನಿವೃತ್ತರಾದರು. ಅಷ್ಟರಲ್ಲಿ ನಾನು ಗದ್ವಾಲದಲ್ಲಿ ಕೆಲಸಕ್ಕೆ ಸೇರಿದ್ದೆ, ಊರಿಗೆ ಬರುವುದು ಅಪರೂಪವಾಯಿತು. ಮರುವರ್ಷ ಅವರು ತೀರಿಕೊಂಡರು. ಈಗ ಅಂಚೆ ಕಚೇರಿ ಪಂಚಾಯಿತಿಯ ಕೋಣೆಯಲ್ಲಿದೆ. ಒಬ್ಬ ಚುರುಕು ಹುಡುಗಿ ಯಂತ್ರ ಹಿಡಿದು ಕೂರುತ್ತಾಳೆ, ಕೆಲಸ ಬೇಗ ಆಗುತ್ತದೆ. ಲಾರಿ ಹೊರಡುವ ಕಡೆ ಲಕೋಟೆ ಹಿಡಿದು ನಿಲ್ಲುವವರಿಲ್ಲ. ನಾನು ಅವರನ್ನು ಕಿಟಕಿಯ ಹಿಂದೆ ನೋಡಿದ್ದು ಗದ್ವಾಲದಿಂದ ಮರಳಿದ ಆ ಮಧ್ಯಾಹ್ನವೇ ಕೊನೆ.

ಅವರು ಚೀಲ ಬಿಡಿಸುತ್ತಿದ್ದರು. ಮಾಳಪ್ಪ ಒಳಗೆ ಹೋಗಲಿಲ್ಲ, ಊರವರ ಹಾಗೆ ಕಿಟಕಿಯ ಮುಂದೆ ನಿಂತ. ಮೊದಲು ಸಣ್ಣ ಲಕೋಟೆ ಕೊಟ್ಟ. ಕಾಕಾ ಒಡೆದು ನಿಧಾನವಾಗಿ ಓದಿದರು. ಮೊಹರಿನ ದುರ್ಬಳಕೆಯನ್ನು ಗಮನಿಸಲಾಗಿದೆ, ತಾವಾಗಿಯೇ ಒಪ್ಪಿಕೊಂಡಿರುವುದನ್ನೂ ಗಮನಿಸಲಾಗಿದೆ, ಎಚ್ಚರಿಕೆ ಕೊಟ್ಟು ಮುಕ್ತಾಯಗೊಳಿಸಲಾಗಿದೆ. "ಪೂರಾ ಬರದಾರ" ಎಂದು ಮಡಚಿ ತಮ್ಮ ಫೈಲಿಗೆ ತಾವೇ ಸೇರಿಸಿದರು. ಮುಖದಲ್ಲಿ ಏನೂ ಇಲ್ಲ. ಆಮೇಲೆ ಮಾಳಪ್ಪ ದೊಡ್ಡದನ್ನು ಕಿಟಕಿಯ ಸರಳಿನ ಸಂದಿಯಿಂದ ಓರೆ ಮಾಡಿ ಒಳಗೆ ತೂರಿಸಿದ. ಕಾಕಾ ಅದನ್ನು ಹಿಡಿದು ತಮ್ಮ ಹೆಸರು ಓದಿದರು, ಊರ ಹೆಸರು ಓದಿದರು, ಅಡಿಯ ಸಹಿಗಳನ್ನು ಓದಿದರು. ಮೇಜಿನ ಮೇಲಿಟ್ಟು ಮತ್ತೆ ಚೀಲಕ್ಕೆ ಕೈ ಹಾಕಿದರು.

 ಮಾಳಪ್ಪ ಕಿಟಕಿಗೆ ಬಾಯಿ ಹಚ್ಚಿ ಹೇಳಿದ.

"ಅಣ್ಣಾ, ಇಷ್ಟು ವರ್ಷ ನೀ ಕಾಗದ ಕೊಟ್ಟಿ, ತಗೊಂಡವರು ಅತ್ತರು, ನಕ್ಕರು. ನೀ ಕಂಬದಂಗ ನಿಂತಿ. ಇವತ್ತ ಬಂದದ್ದು ನಿನ್ನ ಕಾಗದ. ನಗೂದಿದ್ರ ನಗು, ಅಳೂದಿದ್ರ ಅಳು. ಲಗೂ ಮಾಡು, ನಾ ಕುರಿ ಬಿಟ್ಟು ಬಂದೀನಿ."